ಟ್ರೆಷರ್ ಐಲ್ಯಾಂಡ್: ತಗೊಳ್ಳೋದಾದ್ರೆ ಪೂರ್ತಿ ಇರೋದನ್ನೇ ತಗೊಳ್ಳಿ

ಈ ಬುಕ್ ನಮ್ಮನೇಲಿ ವರ್ಷಗಳಿಂದ ಇದೆ, ಮೊದ್ಲು ನಾನೊಬ್ನೇ ಓದ್ತಿದ್ದೆ, ಆಮೇಲೆ ರಾತ್ರಿ ಊಟ ಆದ್ಮೇಲೆ ಮಗಳಿಗೆ ಜೋರಾಗಿ ಓದಿ ಅಲ್ಲಲ್ಲೇ ಕನ್ನಡದಲ್ಲಿ ಹೇಳ್ತಿದ್ದೆ, ಈಗ ಅವಳೇ ಓದ್ಕೋತಾಳೆ. ಬೈಂಡಿಂಗ್ ಬಿಟ್ಟೋಗಿ ಟೇಪ್ ಹಾಕಿದೀವಿ.

ರಾಬರ್ಟ್ ಲೂಯಿ ಸ್ಟೀವನ್‌ಸನ್ ಬರೆದಿರೋದು, ಜಿಮ್ ಅನ್ನೋ ಹುಡುಗ ನಿಧಿ ಹುಡುಕೋಕೆ ಹಡಗಲ್ಲಿ ದ್ವೀಪಕ್ಕೆ ಹೋಗಿದ್ದನ್ನ ತಾನೇ ಹೇಳೋ ಕಥೆ, 1883ರಲ್ಲಿ ಪುಸ್ತಕವಾಗಿ ಬಂತು. ಒಟ್ಟು 34 ಚಾಪ್ಟರ್, ಎಲ್ಲಾ ಚಿಕ್ಕ ಚಿಕ್ಕವು, ಮೊದ್ಲು ಮಕ್ಕಳ ಪತ್ರಿಕೇಲಿ ಧಾರಾವಾಹಿಯಾಗಿ ಬಂದಿದ್ದಲ್ವಾ, ಅದಕ್ಕೇ ಪ್ರತಿ ಚಾಪ್ಟರ್ ಕೊನೇಲಿ "ಇನ್ನೊಂದೇ ಒಂದು ಓದಪ್ಪಾ" ಅನ್ನೋ ಹಾಗೆ ನಿಲ್ಸಿರ್ತಾನೆ ಪುಣ್ಯಾತ್ಮ.

ಯಾರೋ ಗಿಫ್ಟ್ ಕೊಟ್ಟ ಸಂಕ್ಷಿಪ್ತ ಆವೃತ್ತಿನೂ ಇದೆ, ಬಣ್ಣದ ಚಿತ್ರ ಎಲ್ಲಾ ಚೆನ್ನಾಗಿದೆ. ಹಡಗು ಇದೆ, ನಿಧಿ ಇದೆ, ಹೊಡೆದಾಟ ಇದೆ, ಆದ್ರೆ ಲಾಂಗ್ ಜಾನ್ ಸಿಲ್ವರ್ ಇಲ್ಲ! ಅಂದ್ರೆ ಹೆಸರಿದೆ, ಆಸಾಮಿ ಇಲ್ಲ, ಬರೀ ಒಂದು ಕಾಲಿನ ಕೆಟ್ಟವನು ಅಂತ ಮುಗಿಸಿಬಿಟ್ಟಿದಾರೆ. ಪೂರ್ತಿ ಪುಸ್ತಕದಲ್ಲಿ ಅವನು ಹಡಗಿನ ಅಡುಗೆಯವನಾಗಿ ಬರ್ತಾನೆ, ಅಡುಗೆಕೋಣೆ ಫಳಫಳ ಅಂತಿರುತ್ತೆ, ಹೆಗಲ ಮೇಲೆ ಗಿಳಿ, ಜಿಮ್ ಹೋದಾಗೆಲ್ಲ ಬಾ ಮಗು ಕೂತ್ಕೋ ಅಂತ ಕಥೆ ಹೇಳ್ತಾನೆ, ನಮಗೂ ಅವನು ಇಷ್ಟ ಆಗ್ಬಿಡ್ತಾನೆ. ಆಮೇಲೆ ಜಿಮ್ ಸೇಬಿನ ಪೀಪಾಯಿ ಒಳಗೆ ಕೂತಿರುವಾಗ ಅದೇ ಮನುಷ್ಯ ಹೊರಗೆ ದಂಗೆ ಏಳೋ ಪ್ಲಾನ್ ಮಾತಾಡ್ತಿರ್ತಾನೆ, ಜಿಮ್‌ಗೆ ಹೇಳಿದ ಅದೇ ನೈಸ್ ಮಾತುಗಳನ್ನ ಇನ್ನೊಬ್ಬ ಹುಡುಗನಿಗೂ ಹೇಳ್ತಿರ್ತಾನೆ. ಜಿಮ್‌ಗೆ ಕೋಪ ಬರೋದು ನೋಡಿ ಅದಕ್ಕೇ! ಮಗಳು ಆ ಜಾಗದಲ್ಲಿ "ಥೂ ಮೋಸಗಾರ" ಅಂದ್ಳು, ಆದ್ರೆ ಮುಂದೆ ಸಿಲ್ವರ್ ಜೊತೆಗಿರೋ ಕಡಲ್ಗಳ್ಳರೆಲ್ಲಾ ಸೇರಿ ಜಿಮ್‌ನ ಕೊಲ್ಲೋಕೆ ಬಂದಾಗ ಸಿಲ್ವರ್ ಅಡ್ಡ ನಿಲ್ತಾನಲ್ಲ, ಆಗ ಮತ್ತೆ ಅವನ ಪಾರ್ಟಿ. ಅದು ಪ್ರೀತಿನಾ ಲೆಕ್ಕಾಚಾರನಾ ಅಂತ ಈಗ್ಲೂ ಮನೇಲಿ ಜಗಳ ಇದೆ, ನನ್ ಪ್ರಕಾರ ಎರಡೂ. ಕೊನೇಲಿ ಅವನಿಗೆ ಏನಾಗುತ್ತೆ ಅಂತ ಹೇಳಲ್ಲ, ಓದ್ಕೊಳ್ಳಿ.

ಮೈನಸ್ ಇಲ್ಲ ಅಂತಲ್ಲ. ಹಾಯಿ, ಹಗ್ಗ, ಲಂಗರು, ಗಾಳಿ ಯಾವ ಕಡೆ ಅನ್ನೋ ಹಡಗಿನ ಮಾತು ಜಾಸ್ತಿ, ಇಂಗ್ಲಿಷ್ ಹಳೇದು, ಕಳ್ಳರ ಭಾಷೆ ಇನ್ನೂ ಕಷ್ಟ. ಜಿಮ್ ಒಬ್ನೇ ಪುಟ್ಟ ದೋಣೀಲಿ ಹೋಗಿ ಹಡಗು ಹಿಡಿಯೋ ಭಾಗದಲ್ಲಿ ಪೇಪರ್ ಮೇಲೆ ಚಿತ್ರ ಬರೆದು ತೋರಿಸ್ಬೇಕಾಯ್ತು. 16ರಿಂದ 18ನೇ ಚಾಪ್ಟರ್ ಜಿಮ್ ಬದ್ಲು ಅವನ ಜೊತೆ ಹಡಗಲ್ಲಿ ಹೋಗಿರೋ ಡಾಕ್ಟರ್ ಲಿವ್ಸಿ ಹೇಳ್ತಾರೆ, ಮಕ್ಕಳಿಗೆ ಮೊದಲೇ ಹೇಳ್ಬಿಡಿ, ಇಲ್ಲಾಂದ್ರೆ ಈ "ನಾನು" ಯಾರು ಅಂತ ಕನ್‌ಫ್ಯೂಸ್ ಆಗ್ತಾರೆ. ಹೆಂಗಸರ ಪಾತ್ರ ಅಂದ್ರೆ ಜಿಮ್ ಅಮ್ಮ ಅಷ್ಟೇ, ಆಕೆನೂ ಶುರುವಲ್ಲೇ ಮರೆಯಾಗ್ತಾಳೆ, ಮಗಳ ಕಂಪ್ಲೇಂಟ್ ಇದು, ಸರಿಯಾಗೇ ಇದೆ.

ತಗೊಳ್ಳೋವಾಗ ನಿಧಿ ಇರೋ ದ್ವೀಪದ ಮ್ಯಾಪ್ ಇದ್ಯಾ ನೋಡಿ, ಕೆಲವು ಅಗ್ಗದ ಪ್ರಿಂಟ್‌ಗಳಲ್ಲಿ ಹಾಕೇ ಇರಲ್ಲ. ಕಥೆ ಹುಟ್ಟಿದ್ದೇ ಅದರಿಂದ ಕಣ್ರೀ. 1881ರಲ್ಲಿ ಸ್ಕಾಟ್ಲೆಂಡ್‌ನ ಬ್ರೇಮಾರ್‌ನಲ್ಲಿ ಮಳೆ ಹಿಡ್ಕೊಂಡು ಎಲ್ರೂ ಮನೆ ಒಳಗೇ ಇದ್ದಾಗ ಸ್ಟೀವನ್‌ಸನ್ ತನ್ನ ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್ ಜೊತೆ ಕೂತು ದ್ವೀಪದ ಮ್ಯಾಪ್ ಬರೆದು ಬಣ್ಣ ಹಾಕಿ, ಅದನ್ನ ನೋಡ್ತಾ ನೋಡ್ತಾ ಕಥೆ ಕಟ್ಟಿದ್ದು. ಲೈಟ್‌ಹೌಸ್ ಎಂಜಿನಿಯರ್ ಆಗಿದ್ದ ಸ್ಟೀವನ್‌ಸನ್ ಅಪ್ಪನೂ ಸೇರ್ಕೊಂಡು, ಕಥೇಲಿ ಬರೋ ಕಡಲ್ಗಳ್ಳ ಬಿಲ್ಲಿ ಬೋನ್ಸ್ ಪೆಟ್ಟಿಗೇಲಿ ಏನೇನಿತ್ತು ಅಂತ ಪಟ್ಟಿ ಮಾಡಿ ಕೊಟ್ರಂತೆ. ಆ ಮೊದಲ ಮ್ಯಾಪ್ ಪ್ರಕಾಶಕರಿಗೆ ಕಳಿಸಿದಾಗ ಕಳೆದೋಯ್ತು, ಮತ್ತೆ ಬರೆಸಿದ್ದೇ ಪುಸ್ತಕದಲ್ಲಿ ಇರೋದು.

ಹತ್ತು ವರ್ಷದ ಮೇಲಿನ ಮಕ್ಕಳಿಗೆ ಓಕೆ. ಕೊಲೆ, ರಕ್ತ, ಕುಡಿತ ಇದೆ, ಪ್ಯೂ ಅನ್ನೋ ಕುರುಡ ಕಡಲ್ಗಳ್ಳ ಕೋಲು ಟಕ್ ಟಕ್ ಅಂತ ಕುಟ್ಕೊಂಡು ಬರೋ ಚಾಪ್ಟರ್ ಮಾತ್ರ ಹಗಲೊತ್ತು ಓದಿ. ಕಾಪಿರೈಟ್ ಮುಗಿದಿರೋದ್ರಿಂದ ಇಂಗ್ಲಿಷ್ ಇ-ಬುಕ್ ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟ್‌ನಲ್ಲಿ ಫ್ರೀ ಸಿಗುತ್ತೆ, ಎರಡು ಚಾಪ್ಟರ್ ಓದಿ ನೋಡಿ ಆಮೇಲೆ ದುಡ್ಡು ಹಾಕಿ.