ಆರು ಚಕ್ರದ ಟಿರೆಲ್ ಪಿ34 ಕಿಟ್: ಹಲವು ಮಳೆಗಾಲ ಕಂಡ ಮೇಲೆ

ಕಿಟ್ ಜೋಡಿಸಿದ ಮರುದಿನವೇ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ನನ್ನ ಪಿ34 ಮಂಗಳೂರಿನ ಹಲವು ಮಳೆಗಾಲ ಕಂಡಿದೆ. ಹಾಗಾಗಿ ಪೆಟ್ಟಿಗೆ ಬಿಚ್ಚಿದಾಗಿನ ಖುಷಿ ಬಿಟ್ಟು, ಆಮೇಲೆ ಏನೇನಾಯಿತು ಅನ್ನುವುದನ್ನೇ ಹೇಳುತ್ತೇನೆ.

ಇದು ಟಿರೆಲ್ ತಂಡದ 1976ರ ಫಾರ್ಮುಲಾ ಒನ್ ರೇಸ್ ಕಾರಿನ 1:20 ಅಳತೆಯ, ನಾವೇ ಜೋಡಿಸುವ ಪ್ಲಾಸ್ಟಿಕ್ ಕಿಟ್. ಮುಂದೆ ನಾಲ್ಕು ಪುಟ್ಟ ಚಕ್ರ, ಹಿಂದೆ ಎರಡು ದೊಡ್ಡವು. ಮನೆಗೆ ಬಂದವರೆಲ್ಲ ಮೊದಲು ಕೇಳುವುದು, "ಇದು ನಿಜವಾಗಲೂ ಓಡಿತ್ತಾ?" ಅಂತ. ಓಡಿತ್ತು, ಗೆದ್ದೂ ಇತ್ತು. ಆ ವರ್ಷ ಜೂನ್‌ನಲ್ಲಿ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಜೋಡಿ ಶೆಕ್ಟರ್ ಮೊದಲು ಬಂದರು, ಪ್ಯಾಟ್ರಿಕ್ ಡೆಪಾಯೆ ಎರಡನೆಯವರು. ಇಬ್ಬರದೂ ಇದೇ ಕಾರು. ಆರು ಚಕ್ರದ ಕಾರು ಫಾರ್ಮುಲಾ ಒನ್ ರೇಸ್ ಗೆದ್ದದ್ದು ಅದೊಂದೇ ಸಲ. (ಎರಡು ವರ್ಷದ ಬಳಿಕ ಹಿಂದೆ ದೊಡ್ಡ ಫ್ಯಾನ್ ಕಟ್ಟಿಕೊಂಡ ಬ್ರಾಭಮ್ ತಂಡದ ಕಾರು ಗೆದ್ದದ್ದೂ ಅಲ್ಲೇ. ವಿಚಿತ್ರ ಕಾರುಗಳ ಮೇಲೆ ಆ ಟ್ರ್ಯಾಕಿಗೆ ಅದೇನು ಪ್ರೀತಿಯೋ!)

ಕಿಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಮುಂಭಾಗ. ಚಿತ್ರ ನೋಡಿದರೆ ಇದು ಬರೀ ಗಿಮಿಕ್ ಅನಿಸುತ್ತದೆ. ಕೈಯಾರೆ ಜೋಡಿಸುವಾಗ ಡಿಸೈನರ್ ಡೆರೆಕ್ ಗಾರ್ಡ್ನರ್ ತಲೆ ಹೇಗೆ ಓಡಿತ್ತು ಅಂತ ಗೊತ್ತಾಗುತ್ತದೆ. ಆಗಿನ ನಿಯಮದಲ್ಲಿ ಮೂತಿ 1.5 ಮೀಟರ್ ಅಗಲ ಇರಬಹುದಿತ್ತು. ಚಕ್ರ ಚಿಕ್ಕದು ಮಾಡಿದರೆ ಪೂರ್ತಿ ಆ ಮೂತಿಯ ಹಿಂದೆ ಅಡಗುತ್ತದೆ, ಗಾಳಿಗೆ ಅಡ್ಡ ಬರುವುದಿಲ್ಲ. ಆದರೆ ಚಿಕ್ಕ ಚಕ್ರಕ್ಕೆ ಹಿಡಿತ ಸಾಲದು. ಅದಕ್ಕೇ ಎರಡರ ಬದಲು ನಾಲ್ಕು. ರಿಮ್ ಬರೀ 10 ಇಂಚು, ನಮ್ಮ ಹಳೇ ಬಜಾಜ್ ಚೇತಕ್‌ನಷ್ಟೇ! ಹಿಂದಿನ ದೊಡ್ಡ ಟೈರುಗಳು ಹೇಗೂ ಹೊರಗೇ ಇದ್ದುದರಿಂದ ನೇರ ರಸ್ತೆಯಲ್ಲಿ ಅಂದುಕೊಂಡಷ್ಟು ಲಾಭ ಆಗಲಿಲ್ಲ. ಬ್ರೇಕಿಂಗ್‌ನಲ್ಲಿ, ತಿರುವಿಗೆ ನುಗ್ಗುವಾಗ ಲಾಭ ಆಯಿತು. ಕಿಟ್‌ನಲ್ಲೂ ಮುಂದಿನ ನಾಲ್ಕು ಚಕ್ರಕ್ಕೆ ನಾಲ್ಕು ಬ್ರೇಕ್ ಡಿಸ್ಕ್ ಇವೆ, ನಾಲ್ಕು ಚಕ್ರವೂ ಒಟ್ಟಿಗೆ ಎಡಕ್ಕೆ ಬಲಕ್ಕೆ ತಿರುಗುತ್ತವೆ. ಆ ಚಕ್ರಗಳನ್ನು ಜೋಡಿಸುವ ಕಡ್ಡಿಗಳು ಮಾತ್ರ ಬಹಳ ತೆಳು. ತೋರಿಸಲು ಸುಮ್ನೆ ತಿರುಗಿಸುತ್ತಾ ಇದ್ದರೆ ಮುರಿಯುತ್ತವೆ. ನನ್ನದು ಈಗ ಅಂಟಿಸಿ ನೇರಕ್ಕೆ ನಿಲ್ಲಿಸಿದ್ದು.

ಕಾಕ್‌ಪಿಟ್‌ನ ಎರಡು ಬದಿ ಪುಟ್ಟ ಕಿಟಕಿಗಳಿವೆ. ಚಾಲಕನಿಗೆ ಆ ಚಕ್ರಗಳು ಕಾಣಲಿ ಅಂತ ಇಟ್ಟದ್ದು. ಅವಕ್ಕೆ ಸೂಪರ್ ಗ್ಲೂ ಮುಟ್ಟಿಸಬೇಡಿ, ಮಂಜು ಹಿಡಿಯುತ್ತದೆ. ಫೆವಿಕಾಲ್ ಸಾಕು.

ಇನ್ನು ದೂರು. ದೊಡ್ಡ ದೂರು ಟೈರಿನದು. ಎರಡನೇ ವರ್ಷದ ಹೊತ್ತಿಗೆ ಮುಂದಿನ ಟೈರುಗಳ ಅಂಚು ಜಿಡ್ಡಾಗಿ ಹೊಳೆಯತೊಡಗಿತು. ತೆಗೆದು ನೋಡಿದರೆ ರಿಮ್‌ನ ಬಣ್ಣ ಕರಗಿ, ಪ್ಲಾಸ್ಟಿಕ್ಕೇ ಮೆತ್ತಗಾಗಿತ್ತು. ಟೈರನ್ನು ಮೃದುವಾಗಿಡಲು ಸೇರಿಸಿದ ಎಣ್ಣೆಯಂಥ ಅಂಶ ಹೊರಬಂದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಹಳೇ ಕಿಟ್ ಕಟ್ಟುವವರಿಗೆಲ್ಲ ಈ ಕಾಯಿಲೆ ಗೊತ್ತು. ರಿಮ್ ಸುತ್ತ ತೆಳು ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಟೈರ್ ಹಾಕಿದ ಮೇಲೆ ನಿಂತಿದೆ. ನೀವು ಮೊದಲೇ ಸುತ್ತಿಬಿಡಿ.

ತಮಾಷೆ ಏನೆಂದರೆ, ನಿಜವಾದ ಪಿ34 ಸೋತದ್ದೂ ಈ ಟೈರಿನಿಂದಲೇ. ಈ ಅಳತೆಯ ಟೈರ್ ಬೇಕಿದ್ದದ್ದು ಟಿರೆಲ್‌ಗೆ ಮಾತ್ರ. ಟೈರ್ ಕಂಪನಿ ಗುಡ್‌ಇಯರ್ ಉಳಿದ ತಂಡಗಳ ಟೈರನ್ನು ಸುಧಾರಿಸುತ್ತಾ ಹೋಯಿತು, ಈ ಪುಟ್ಟವು ಹಿಂದೆ ಬಿದ್ದವು. 1977ರಲ್ಲಿ ಕಾರಿನ ತೂಕವೂ ಹೆಚ್ಚಿತು, ಒಂದೂ ಗೆಲುವಿಲ್ಲದೆ ಆ ವರ್ಷವೇ ಕಥೆ ಮುಗಿಯಿತು. 1983ರ ನಿಯಮದಲ್ಲಂತೂ ನಾಲ್ಕೇ ಚಕ್ರ ಇರಬೇಕು ಅಂತ ಬಂತು. ಆದರೂ ಅಭಿಮಾನಿಗಳು ಬಿಡಲಿಲ್ಲ ನೋಡಿ. ಏವನ್ ಕಂಪನಿ ಮತ್ತೆ ಈ ಪುಟ್ಟ ಟೈರ್ ಮಾಡಿಕೊಟ್ಟಿತು, ಉಳಿದಿದ್ದ ಕಾರುಗಳು ಯುರೋಪಿನ ಹಳೇ ಕಾರುಗಳ ರೇಸಿನಲ್ಲಿ ಪುನಃ ಓಡಿದವು.

ಸ್ಟಿಕ್ಕರ್‌ಗಳ ವಿಷಯ. ನನ್ನದು ಜಪಾನಿನ ಫ್ಯೂಜಿ ರೇಸಿನ ಆವೃತ್ತಿ. ಅಕ್ಟೋಬರ್ 1976ರ ಆ ಮಳೆಯ ರೇಸಿನಲ್ಲಿ ಡೆಪಾಯೆ ಎರಡನೆಯವರಾಗಿದ್ದರು. ಅಲ್ಲಿನ ಜನರಿಗಾಗಿ ಟಿರೆಲ್ ಹೆಸರನ್ನು ಜಪಾನಿ ಅಕ್ಷರದಲ್ಲೇ ಬರೆದಿದ್ದರು, ನೀಲಿಯ ಮೇಲೆ ತುಂಬಾ ಚಂದ ಕಾಣುತ್ತದೆ. ನಮ್ಮ ಕರಾವಳಿ ತೇವಕ್ಕೆ ಮಾತ್ರ ಅಂಚುಗಳು ಏಳುತ್ತವೆ. ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ವಾರ್ನಿಷ್) ಬೇಕೇ ಬೇಕು. ಅದನ್ನೂ ಮಳೆಗಾಲದಲ್ಲಿ ಹೊಡೆಯಬೇಡಿ, ಬೆಳ್ಳಗೆ ಮಂಕಾಗುತ್ತದೆ. ಡಿಸೆಂಬರ್ ತನಕ ತಡೆಯಿರಿ.

ಐದರಲ್ಲಿ ನಾಲ್ಕು ಸ್ಟಾರ್. ಕಡಿತ ಟೈರಿಗೆ. ಮೊದಲ ಕಿಟ್ ಆಗಿ ಇದು ಬೇಡ, ಮಕ್ಕಳ ಹುಟ್ಟುಹಬ್ಬಕ್ಕಂತೂ ಬೇಡವೇ ಬೇಡ. ಎರಡು ಮೂರು ಮಾಮೂಲಿ ಕಾರು ಕಟ್ಟಿ ಕೈ ಕುದುರಿದ್ದರೆ ತಗೊಳ್ಳಿ, ಜೊತೆಗೊಂದು ಗಾಜಿನ ಪೆಟ್ಟಿಗೆಗೂ ದುಡ್ಡು ತೆಗೆದಿಡಿ. ಆ ಸಸ್ಪೆನ್ಷನ್ ಸಂದಿಯಲ್ಲಿ ಧೂಳು ಕೂತರೆ ಬ್ರಷ್ ಕೂಡ ಹೋಗುವುದಿಲ್ಲ.