ಬಾದಾಮಿಯ ಗುಹೆಯಲ್ಲಿ ಎರಡು ಕ್ಯಾಮೆರಾ, ಎರಡು ಬಗೆಯ ನಾಯ್ಸ್

ಚಿತ್ರದ ಮೇಲೆ ಕಾಳುಕಾಳಾಗಿ ಏಳುವ ಚುಕ್ಕೆಗಳೇ ನಾಯ್ಸ್. ಕಡಿಮೆ ಬೆಳಕಿನ ಚಿತ್ರಗಳಿಗೆ ಹಳೆಯ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಕೊಳ್ಳಬೇಕೇ, ಹೊಸ ಎಪಿಎಸ್-ಸಿ (ಚಿಕ್ಕ ಸೆನ್ಸರಿನದು) ಸಾಕೇ? ಬಾಗಲಕೋಟೆ ಜಿಲ್ಲೆಯ ಗುಡಿ-ಗುಹೆಗಳನ್ನು ಚಿತ್ರಿಸುವ ನನಗೆ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕಿತ್ತು. ಆದ್ದರಿಂದ ಎರಡನ್ನೂ ಹೆಗಲಿಗೇರಿಸಿಕೊಂಡು ಬಾದಾಮಿಗೆ ಹೋದೆ. ಫುಲ್ ಫ್ರೇಮ್‌ಗೆ ಎಫ್/4ರ ಜೂಮ್ ಲೆನ್ಸ್, ಚಿಕ್ಕದಕ್ಕೆ ಎಫ್/1.8ರ 35 ಮಿ.ಮೀ. ಲೆನ್ಸ್. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು.

ಬೆಳಕು ಹಿಡಿಯುವ ಫಲಕವೇ ಸೆನ್ಸರ್. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಎಪಿಎಸ್-ಸಿ ಸುಮಾರು 23.5×15.6. ವಿಸ್ತೀರ್ಣ ಎರಡು ಪಟ್ಟಿಗಿಂತ ಹೆಚ್ಚು, ದೊಡ್ಡದೇ ಗೆಲ್ಲಬೇಕು. ಆದರೆ ಮೂರನೇ ಗುಹೆಯ ಒಳಮಂಟಪದಲ್ಲಿ ಗೆದ್ದದ್ದು ಚಿಕ್ಕದು. ಅನುಮತಿಯಿಲ್ಲದೆ ಅಲ್ಲಿ ಟ್ರೈಪಾಡ್ ಬಳಸುವಂತಿಲ್ಲ. ಕೈಯಲ್ಲೇ ಹಿಡಿದು ಶಟರ್ ಅನ್ನು 1/30 ಸೆಕೆಂಡಿಗೆ ಇಟ್ಟರೆ ದೊಡ್ಡ ಕ್ಯಾಮೆರಾ ಐಎಸ್‌ಒ 6400 ಕೇಳಿತು, ಚಿಕ್ಕದಕ್ಕೆ 1250 ಸಾಕಾಯಿತು. ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬುದೇ ಐಎಸ್‌ಒ. ಎಫ್/1.8 ಬಿಡುವ ಬೆಳಕು ಎಫ್/4ರ ಸುಮಾರು ಐದು ಪಟ್ಟು. ಇಂಥ ನಾಯ್ಸ್‌ನ ಮೂಲ ಬೆಳಕಿನ ಕೊರತೆ: ಬೆಳಕು ನಾಲ್ಕು ಪಟ್ಟಾದರೆ ಚಿತ್ರ ಎರಡು ಪಟ್ಟು ಶುಭ್ರ. ಇಡೀ ಮಂಟಪ ಸ್ಪಷ್ಟವಾಗಿರಲೆಂದು ಎರಡನ್ನೂ ಎಫ್/4ಕ್ಕೆ ತಂದಾಗ ಮಾತ್ರ ದೊಡ್ಡ ಸೆನ್ಸರ್ ಮುಂದಾಯಿತು.

ಮರಳುಗಲ್ಲಿನ ವಿಷಯದಲ್ಲಿ ಇನ್ನೊಂದು ಮಾತಿದೆ, ಇದು ನನಗೆ ಬಹಳ ಮುಖ್ಯ. ಕಲ್ಲೇ ಕಾಳುಕಾಳಾಗಿರುವುದರಿಂದ ಬರಿಯ ಕಪ್ಪು-ಬಿಳುಪು ಚುಕ್ಕೆಗಳ ನಾಯ್ಸ್ ಅದರಲ್ಲಿ ಬೆರೆತುಹೋಗುತ್ತದೆ, ಕಣ್ಣಿಗೆ ಕುಟುಕುವುದಿಲ್ಲ. ಕೆಂಪು ಕಲ್ಲಿನ ಮೇಲೆ ಹಸಿರು, ನೇರಳೆ ಕಲೆ ಬಿದ್ದರೆ ಮಾತ್ರ ಸಹಿಸಲಾಗದು. ಕ್ಯಾಮೆರಾ ತಾನಾಗಿ ನಾಯ್ಸ್ ತೆಗೆದ ಜೆಪಿಇಜಿಯನ್ನು ಹಿಗ್ಗಿಸಿ ನೋಡಿದೆ: ಕಂಬದ ಮೇಲಿನ ಉಳಿಯ ಗೆರೆಗಳು ಅಳಿಸಿ, ಕಲ್ಲು ಮೇಣ ಸವರಿದಂತೆ ನುಣುಪಾಗಿತ್ತು. 578ರ ಶಾಸನವಿರುವ ಗುಹೆಯ ಶಿಲ್ಪಿಗೆ ಹೀಗೆ ಮಾಡಬಾರದು. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆದು, ಬಣ್ಣದ ನಾಯ್ಸ್ ಮಾತ್ರ ಕಳೆದು, ಉಳಿದದ್ದನ್ನು ಹಾಗೇ ಬಿಡುತ್ತೇನೆ.

ನಡುಹಗಲಿನಲ್ಲೂ ನಾಯ್ಸ್ ಕಾಡುತ್ತದೆ. ಅದೇ ಗುಹೆಯ ಜಗುಲಿಯ ತುದಿಯಲ್ಲಿ ಆದಿಶೇಷನ ಮೇಲೆ ಕುಳಿತ ವಿಷ್ಣು ನೆರಳಿನಲ್ಲಿ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆಕಾಶ ಬೆಳ್ಳಗಾಗದಂತೆ ಐಎಸ್‌ಒ 100ರಲ್ಲಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ನೆರಳಿನ ಭಾಗವನ್ನು ಬೆಳಗಿಸಿದೆ. ಹಳೆಯದರಲ್ಲಿ ಅಡ್ಡಡ್ಡ ಪಟ್ಟೆಗಳು ಮೂಡಿದವು; ಅವು ಸರ್ಕ್ಯೂಟ್ ತಾನೇ ಸೇರಿಸುವ ನಾಯ್ಸ್, ಸೆನ್ಸರ್ ದೊಡ್ಡದಾದ ಮಾತ್ರಕ್ಕೆ ಹೋಗುವುದಿಲ್ಲ. ಹೊಸದರ ನೆರಳು ಶುಭ್ರವಾಗಿತ್ತು. ಇಲ್ಲಿ ಪೈಪೋಟಿಯೇ ಇಲ್ಲ.

ಬನಶಂಕರಿ ಜಾತ್ರೆಯ ನಾಟಕಗಳಲ್ಲಿ ಎರಡೂ ಸೋತವು. ಅಳುವ ದೃಶ್ಯಕ್ಕೆ ಕಡುಕೆಂಪು ದೀಪ ಹಾಕಿದರೆ ಸೆನ್ಸರಿನ ಕೆಂಪು ಗ್ರಾಹಕಗಳಷ್ಟೇ ಬೆಳಕು ಕಾಣುತ್ತವೆ. ಅವು ಒಟ್ಟಿನಲ್ಲಿ ಕಾಲು ಭಾಗ ಮಾತ್ರ. ನಟಿಯ ಮುಖ ಒಂದೇ ಕೆಂಪು ಮುದ್ದೆಯಾಗಿ, ಅದರ ಮೇಲೆ ದಪ್ಪ ಕಾಳು ಕಾಣಿಸಿತು. ದೀಪ ಹಳದಿಗೆ ತಿರುಗಿದೊಡನೆ, ಅದೇ ಐಎಸ್‌ಒದಲ್ಲಿ, ಕಣ್ಣಿನ ಕಾಡಿಗೆಯವರೆಗೆ ಎಲ್ಲ ಬಿಡಿಬಿಡಿಯಾಗಿ ಕಂಡಿತು. ಅಲ್ಲಿ ದೀಪ ಬದಲಾಗುವುದನ್ನು ಕಾಯುವುದೇ ಉಪಾಯ.

ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ದಡದಲ್ಲಿ ನಕ್ಷತ್ರ ತೆಗೆಯುವವರು ಮಾತ್ರ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್ ರಾತ್ರಿ ನಿಮಿಷಗಟ್ಟಲೆ ಶಟರ್ ತೆರೆದಿಟ್ಟರೆ, ಜನವರಿಯಲ್ಲಿ ಕಾಣದ ಕೆಂಪು, ನೀಲಿ ಚುಕ್ಕೆಗಳು ಎರಡರಲ್ಲೂ ಎದ್ದುಬರುತ್ತವೆ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಶಟರ್ ಮುಚ್ಚಿ ಇನ್ನೊಂದು ಚಿತ್ರ ತೆಗೆದು, ಆ ಚುಕ್ಕೆಗಳನ್ನು ಕಳೆಯುವ ಸೌಲಭ್ಯ) ಹಾಕಿದರೆ ಅವು ಬಹುಪಾಲು ಹೋಗುತ್ತವೆ. ಆದರೆ ಪ್ರತಿ ಚಿತ್ರಕ್ಕೂ ಅಷ್ಟೇ ಹೊತ್ತು ಮತ್ತೆ ಕಾಯಬೇಕು. ನನ್ನ ಹಣ ಹೊಸ ಎಪಿಎಸ್-ಸಿಗೆ, ಎಫ್/1.8 ಲೆನ್ಸ್ ಜೊತೆಗಿದ್ದರೆ.