ಕನಿಷ್ಠ ಬಾಕಿಯನ್ನು ಕಂತು ಎಂದುಕೊಂಡಿದ್ದು

ಅನುದಾನಿತ ಕಾಲೇಜೊಂದರ ಕಚೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ನಗದು ಪುಸ್ತಕ ಬರೆಯುತ್ತಿರುವವನು ನಾನು. ಸಂಜೆ ಎರಡು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೊರಡದವನು ನನ್ನದೇ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟನ್ನು ಹನ್ನೊಂದು ತಿಂಗಳು ಪೂರ್ತಿಯಾಗಿ ಓದಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನನ್ನಂತೆಯೇ ಪ್ರತಿ ತಿಂಗಳು ಕನಿಷ್ಠ ಬಾಕಿ ಕಟ್ಟಿ ನೆಮ್ಮದಿಯಾಗಿರುವ ಸಹೋದ್ಯೋಗಿಗಳು ಇನ್ನೂ ಇಬ್ಬರಿದ್ದಾರೆಂದು ಈಚೆಗೆ ತಿಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ಮಗಳು ಎಂಜಿನಿಯರಿಂಗ್ ಸೇರಿದಾಗ, ಸೆಪ್ಟೆಂಬರ್ 6ರಂದು, 62,000 ರೂಪಾಯಿಯ ಲ್ಯಾಪ್‌ಟಾಪನ್ನು ಕಾರ್ಡಿನಲ್ಲಿ ಕೊಂಡೆವು. 18ಕ್ಕೆ ಸ್ಟೇಟ್‌ಮೆಂಟ್ ಬಂತು. ಮೊಬೈಲಿನಲ್ಲಿ ಹಣ ಕಟ್ಟಲು ಹೋದಾಗ ಒಟ್ಟು ಬಾಕಿ 62,000, ಕನಿಷ್ಠ ಬಾಕಿ 3,100 ಎಂಬ ಎರಡು ಆಯ್ಕೆಗಳು ಕಂಡವು. 3,100ರಂತೆ ಇಪ್ಪತ್ತು ತಿಂಗಳಲ್ಲಿ ಸಾಲ ತೀರುತ್ತದೆ ಎಂದು ಮನಸ್ಸಿನಲ್ಲೇ ಭಾಗಿಸಿ, ಅಕ್ಟೋಬರ್ 7ರಂದು ಮೊದಲ ‘ಕಂತು’ ಕಟ್ಟಿದೆ.

ಅದು ಕಂತಾಗಿರಲಿಲ್ಲ. ಕನಿಷ್ಠ ಬಾಕಿ ಎಂದರೆ ಆ ತಿಂಗಳು ತಡಪಾವತಿ ದಂಡ ಬೀಳದಂತೆ ಮತ್ತು ನಮ್ಮ ಸಾಲ ಮರುಪಾವತಿಯ ಚರಿತ್ರೆಯನ್ನಿಡುವ ಸಿಬಿಲ್ ದಾಖಲೆಯಲ್ಲಿ ಕಪ್ಪುಚುಕ್ಕೆ ಬೀಳದಂತೆ ನೋಡಿಕೊಳ್ಳುವ ಮೊತ್ತ, ಅಷ್ಟೇ. ಒಟ್ಟು ಬಾಕಿಯಲ್ಲಿ ಒಂದು ಭಾಗ ಉಳಿದರೂ ಬಡ್ಡಿರಹಿತ ಅವಧಿ ರದ್ದಾಗಿ, ಖರೀದಿಸಿದ ದಿನದಿಂದಲೇ ಬಡ್ಡಿ ಹತ್ತುತ್ತದೆ. ನನ್ನ ಕಾರ್ಡಿಗೆ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42, ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ ಬೇರೆ. ಅಕ್ಟೋಬರ್ 18ರ ಸ್ಟೇಟ್‌ಮೆಂಟಿನಲ್ಲಿ 2,957 ಬಡ್ಡಿ ಮತ್ತು 532 ತೆರಿಗೆ ಸೇರಿ ಬಾಕಿ 62,389 ಆಗಿತ್ತು. 3,100 ಕಟ್ಟಿದ ಮೇಲೂ ಸಾಲ ಬೆಳೆದಿತ್ತು, ನಾನು ಮಾತ್ರ ನೋಡಿರಲಿಲ್ಲ. ನಮ್ಮೂರಿನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಕೊಡುವವರ ಮನೆಯ ಜಗಲಿಯನ್ನು ಅಪ್ಪ ಒಮ್ಮೆಯೂ ಹತ್ತಲಿಲ್ಲ. ನಾನು ಅದಕ್ಕಿಂತ ದುಬಾರಿ ಸಾಲವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ.

ಇದರ ನಡುವೆ ದಿನಸಿಗೂ ಪೆಟ್ರೋಲಿಗೂ ಅದೇ ಕಾರ್ಡನ್ನು ಉಜ್ಜುತ್ತಿದ್ದೆ. ಆ ಹಣವನ್ನು ಆಯಾ ತಿಂಗಳೇ ಕನಿಷ್ಠ ಬಾಕಿಯ ಜೊತೆ ಸೇರಿಸಿ ಕಟ್ಟುತ್ತಿದ್ದುದರಿಂದ ಅದಕ್ಕೆ ಬಡ್ಡಿಯಿಲ್ಲ ಎಂಬುದು ನನ್ನ ಎಣಿಕೆ. ಆದರೆ ಹಳೆಯ ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿರುವುದಿಲ್ಲ. ಅಂಗಡಿಯಲ್ಲಿ ತೊಗರಿಬೇಳೆ ಕೊಂಡ ದಿನವೇ ಅದಕ್ಕೂ ಬಡ್ಡಿ ಶುರುವಾಗಿರುತ್ತಿತ್ತು.

ಹನ್ನೊಂದನೆಯ ತಿಂಗಳಲ್ಲಿ ಆಸ್ಪತ್ರೆಯ ತುರ್ತಿಗೆಂದು ಎಟಿಎಂನಲ್ಲಿ ಇದೇ ಕಾರ್ಡಿನಿಂದ 10,000 ತೆಗೆದೆ. ಅದಕ್ಕೆ 500 ಶುಲ್ಕ, ಶುಲ್ಕದ ಮೇಲೆ 90 ತೆರಿಗೆ, ಜೊತೆಗೆ ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ. 590 ರೂಪಾಯಿ ಕಡಿತದ ಸಂದೇಶ ಕಣ್ಣಿಗೆ ಬಿದ್ದಾಗಲೇ ಮೊದಲ ಬಾರಿಗೆ ಸ್ಟೇಟ್‌ಮೆಂಟುಗಳನ್ನೆಲ್ಲ ಮುದ್ರಿಸಿ, ಕಚೇರಿಯ ಲೆಕ್ಕ ನೋಡುವಂತೆ ಕೆಂಪು ಪೆನ್ನು ಹಿಡಿದು ಕುಳಿತೆ. ಲ್ಯಾಪ್‌ಟಾಪಿನ ಬಾಬ್ತು ಕಟ್ಟಿದ್ದು ಸುಮಾರು 33,000. ಎಟಿಎಂನ ಹಣ ಬಿಟ್ಟರೂ ಬಾಕಿ ಇನ್ನೂ 57,000ಕ್ಕೂ ಮೇಲಿತ್ತು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಮರುಪಾವತಿ ತಿಂಗಳು, ವರ್ಷಗಟ್ಟಲೆ ಎಳೆದು ಚಕ್ರಬಡ್ಡಿ ಬೀಳುತ್ತದೆ ಎಂಬ ಎಚ್ಚರಿಕೆ ಪ್ರತಿ ಸ್ಟೇಟ್‌ಮೆಂಟಿನಲ್ಲೂ ಅಚ್ಚಾಗಿತ್ತು. ಅದನ್ನು ಅಚ್ಚುಹಾಕಲೇಬೇಕೆಂದು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಹೇಳಿತ್ತು. ಹಾಗಾಗಿ ಬ್ಯಾಂಕು ತಿಳಿಸಲಿಲ್ಲ ಎಂದು ದೂರುವಂತೆಯೂ ಇರಲಿಲ್ಲ. ಇಷ್ಟು ಬಡ್ಡಿ ಕಾನೂನುಬಾಹಿರವಲ್ಲವೇ ಎಂದು ಕೇಳುವವರಿಗೆ ಒಂದು ಮಾತು: ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಪಡೆಯುವುದು ತಪ್ಪೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು.

ನಮ್ಮ ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಶೇ. 12ರ ಬಡ್ಡಿಗೆ 68,000 ಸಾಲ ಎತ್ತಿ ಕಾರ್ಡಿನ ಬಾಕಿಯನ್ನು ಒಂದೇ ಸಲಕ್ಕೆ ತೀರಿಸಿದೆ. ಇಪ್ಪತ್ತನಾಲ್ಕು ತಿಂಗಳಿಗೆ ಕಂತು 3,201. ಕಾರ್ಡಿಗೆ ಹೆಚ್ಚುಕಡಿಮೆ ಇಷ್ಟನ್ನೇ ಪ್ರತಿ ತಿಂಗಳು ಸುರಿದಿದ್ದೆ. ಸಂಘದ ಪಾಸ್‌ಬುಕ್ಕಿನಲ್ಲಿ ಮಾತ್ರ ಅಸಲು ಇಳಿಯುವುದು ಕಣ್ಣಿಗೆ ಕಾಣುತ್ತದೆ.

ತೀರಿಸಿದ ಮೇಲೂ ಒಂದು ಸಿಕ್ಕು ಉಳಿದಿತ್ತು. ಮರುತಿಂಗಳು 1,385 ರೂಪಾಯಿಯ ಹೊಸ ಬಿಲ್ಲು ಬಂತು. ಸ್ಟೇಟ್‌ಮೆಂಟ್ ತಯಾರಾದ ದಿನದಿಂದ ನಾನು ಹಣ ಕಟ್ಟಿದ ದಿನದವರೆಗಿನ ಹದಿನೈದು ದಿನಗಳ ಬಡ್ಡಿ ಮತ್ತು ಅದರ ತೆರಿಗೆ ಅದು. ಸಾಲ ಮುಗಿಯಿತೆಂದು ಕಾರ್ಡನ್ನು ಬೀರುವಿಗೆ ಹಾಕಿ ಮರೆತಿದ್ದರೆ ಅದಕ್ಕೂ ದಂಡ ಬೀಳುತ್ತಿತ್ತು. ಅದನ್ನೂ ಕಟ್ಟಿ, ಬಾಕಿ ಸೊನ್ನೆಯಾದ ಸ್ಟೇಟ್‌ಮೆಂಟ್ ಕೈಗೆ ಬಂದ ನಂತರವೇ ಕಾರ್ಡನ್ನು ರದ್ದುಪಡಿಸುವಂತೆ ಲಿಖಿತವಾಗಿ ಕೇಳಿಕೊಂಡೆ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ಬ್ಯಾಂಕು ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೇ ಕೊಡಬೇಕೆಂಬ ನಿಯಮವೂ ಅದೇ 2022ರ ನಿರ್ದೇಶನದಲ್ಲಿ ಬಂದದ್ದು. ನನ್ನದನ್ನು ಐದನೆಯ ದಿನಕ್ಕೇ ಮುಚ್ಚಿದರು. ಸಂಘದ ಸಾಲದಲ್ಲಿ ಇನ್ನು ಹನ್ನೊಂದು ಕಂತುಗಳು ಉಳಿದಿವೆ.